ಬೀಚಲ್ಲಿ ಮನೆಮಂದಿ ಫೋಟೋ: ಸಮುದ್ರಕ್ಕೆ ಬೆನ್ನು ಯಾವಾಗ, ಮುಖ ಯಾವಾಗ?

ಪ್ರಶ್ನೆ: ಅಣ್ಣ ನಮಸ್ತೆ, ನಾವು ಮಧುಗಿರಿಯವ್ರು. ಕ್ರಿಸ್‌ಮಸ್ ರಜಕ್ಕೆ ಮೂರು ದಿನ ಸಮುದ್ರದ ಕಡೆ ಹೋಗ್ಬೇಕು ಅಂತ ಪ್ಲಾನ್ ಮಾಡಿದೀವಿ, ಒಟ್ಟು ಹನ್ನೊಂದು ಜನ. ಮಾವನವ್ರಿಗೆ ಈ ಸಲ 70 ತುಂಬುತ್ತೆ, ಅದಕ್ಕೆ ಎಲ್ರೂ ಇರೋ ಒಂದು ದೊಡ್ಡ ಫೋಟೋ ಮಾಡಿಸಿ ಹಾಲಲ್ಲಿ ಹಾಕ್ಬೇಕು ಅಂತ ಆಸೆ. ಅತ್ತೆಗೆ ಮಂಡಿನೋವು, ಜಾಸ್ತಿ ನಡೆಯೋಕಾಗಲ್ಲ. ಮೈದುನನ ಮಗು ಎರಡು ವರ್ಷದ್ದು. ಹೋದ ವರ್ಷ ಮಲ್ಪೆಗೆ ಹೋದಾಗ ಸೂರ್ಯ ಮುಳುಗೋ ಹೊತ್ತಿಗೆ ನೂರಾರು ಫೋಟೋ ತೆಗೆದ್ವಿ, ಎಲ್ಲದ್ರಲ್ಲೂ ಮುಖ ಕಪ್ಪು, ಕೂದಲೆಲ್ಲ ಬಾಯೊಳಗೆ. ನಾದಿನಿ ಕೋಲಾರದಲ್ಲಿದಾಳೆ, ಅವಳು ಮಹಾಬಲಿಪುರಕ್ಕೇ ಹೋಗೋಣ ಹತ್ರ ಅಂತಾಳೆ. ಫೋಟೋಗೆ ಯಾವ ಬೀಚ್ ಚೆನ್ನಾಗಿರುತ್ತೆ? ಮೊಬೈಲ್ ಸಾಕಾ? ಮಗ ಬೇರೆ ಡ್ರೋನ್ ಬಾಡಿಗೆಗೆ ತಗೊಂಡ್ ಹೋಗೋಣ ಅಂತ ಹಠ ಮಾಡ್ತಿದಾನೆ.

ಉತ್ತರ:

ನಿಮ್ಮ ಪ್ರಶ್ನೆ ಓದಿ ನಗು ಬಂತು ತಾಯಿ, ಬೇಜಾರಾಗ್ಬೇಡಿ, ನಿಮ್ಮನ್ನ ನೋಡಿ ನಕ್ಕಿದ್ದಲ್ಲ, ನನ್ನ ಕಥೆ ನೆನೆಸ್ಕೊಂಡು ನಕ್ಕಿದ್ದು. ತುಮಕೂರಲ್ಲಿ ಸ್ಟುಡಿಯೋ ಹಾಕಿದ ಹೊಸದು, ಆಗಿನ್ನೂ ರೀಲ್ ಕ್ಯಾಮೆರಾ, ಒಂದು ರೀಲಿಗೆ 36 ಫೋಟೋ ಅಷ್ಟೇ. ಗುಬ್ಬಿ ಕಡೆಯವ್ರು ಒಬ್ರು ಮಗಳ ಮದುವೆ ಮುಗಿಸಿ ಧರ್ಮಸ್ಥಳ, ಉಡುಪಿ ಅಂತ ಹೊರಟಾಗ ನನ್ನನ್ನೂ ಕರ್ಕೊಂಡ್ ಹೋದ್ರು, ಸಂಜೆ ಸಮುದ್ರದ ಮುಂದೆ ಹದಿನೈದು ಜನರನ್ನ ಸಾಲಾಗಿ ನಿಲ್ಲಿಸಿ ಹಿಂದೆ ಕೆಂಡದುಂಡೆ ಥರ ಸೂರ್ಯ ಬರೋ ಹಾಗೆ ನೋಡ್ಕೊಂಡು ಎರಡು ರೀಲು ಖಾಲಿ ಮಾಡ್ದೆ. ಊರಿಗೆ ಬಂದು ತೊಳೆಸಿ ನೋಡಿದ್ರೆ ಸೂರ್ಯ ಚೆನ್ನಾಗಿದಾನೆ, ಜನ ಎಲ್ಲ ಇದ್ದಿಲು. ಯಾರು ಮದುಮಗ ಯಾರು ಮಾವ ಅಂತ ಎತ್ತರ ನೋಡಿ ಗುರುತು ಹಿಡೀಬೇಕಿತ್ತು. ಆ ಮನೆ ಅಜ್ಜಿ ಫೋಟೋ ಕೈಯಲ್ಲಿ ಹಿಡ್ಕೊಂಡು "ಗ್ರಹಣದ ದಿನ ತೆಗೆದ್ಯೇನಪ್ಪಾ" ಅಂದಿದ್ದು ಇನ್ನೂ ಕಿವೀಲಿದೆ. ದುಡ್ಡು ಕೇಳೋಕೂ ಬಾಯಿ ಬರ್ಲಿಲ್ಲ.

ಅದಕ್ಕೇ ಯಾರಾದ್ರೂ ಯಾವ ಬೀಚ್ ಅಂತ ಕೇಳಿದ್ರೆ ನಾನು ಮೊದ್ಲು ತಿರುಗಿಸಿ ಕೇಳೋದು ಎಷ್ಟ್ ಹೊತ್ತಿಗೆ, ಯಾವ ದಿಕ್ಕಿಗೆ ಮುಖ ಮಾಡಿ ಅಂತ. ಬೀಚಿನ ಹೆಸರು ಆಮೇಲೆ. ನಮ್ಮ ಕರಾವಳಿ ಇರೋದು ಪಶ್ಚಿಮಕ್ಕೆ, ಮಂಗಳೂರಿಂದ ಕಾರವಾರದವರೆಗೂ ನೀರು ಪಶ್ಚಿಮದಲ್ಲಿ, ತೆಂಗಿನ ತೋಟ ಪೂರ್ವದಲ್ಲಿ. ಸಂಜೆ ಸೂರ್ಯ ನೀರಿನ ಮೇಲೆ ಇರ್ತಾನೆ, ಆವಾಗ ನೀವು ನೀರಿಗೆ ಬೆನ್ನು ಹಾಕಿ ನಿಂತ್ರೆ ಬೆಳಕೆಲ್ಲ ಬೆನ್ನಿಗೆ ಬೀಳುತ್ತೆ ಮುಖಕ್ಕೆ ಕತ್ತಲೆ. ಅದೇ ಜಾಗದಲ್ಲಿ ಅದೇ ಜನ ಬೆಳಿಗ್ಗೆ ಹಾಗೇ ನಿಂತ್ರೆ ಸೂರ್ಯ ತೆಂಗಿನ ತೋಟದ ಕಡೆಯಿಂದ ಬಂದು ನೇರ ಮುಖಕ್ಕೆ ಬೀಳ್ತಾನೆ, ಹಿಂದಿನ ನೀರು ನೀಲಿಯಾಗಿ ಕಾಣುತ್ತೆ. ಸಂಜೆ ಅದೇ ನೀರು ಬೆಳ್ಳಿ ತಗಡು ಥರ ಹೊಳೀತಿರುತ್ತೆ, ಬಣ್ಣನೇ ಇರಲ್ಲ. ಅಂದ್ರೆ ಸಮುದ್ರ ಹಿಂದೆ ಬರ್ಬೇಕು ಅನ್ನೋ ಫೋಟೋ ಬೆಳಿಗ್ಗೆ ತೆಗೀರಿ, ಸಂಜೆ ತೆಗೆಯೋದಾದ್ರೆ ನೀವು ಸಮುದ್ರದ ಕಡೆ ಮುಖ ಮಾಡಿ ನಿಂತು ತೆಂಗಿನ ಮರ, ಬಂಡೆ, ದೋಣಿ ಇವನ್ನ ಹಿಂದಕ್ಕೆ ಹಾಕ್ಕೊಳ್ಳಿ, ಫೋಟೋ ತೆಗೆಯೋನು ನೀರಿಗೆ ಬೆನ್ನು ಹಾಕಿ ನಿಲ್ಲಲಿ. ಇದೊಂದು ತಿಳ್ಕೊಂಡ್ರೆ ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಹೋಯ್ತು.

ಇನ್ನು ಕೂದಲು ಬಾಯೊಳಗೆ ಅಂದ್ರಲ್ಲ, ಅದಕ್ಕೂ ಇದೇ ಉತ್ತರ, ನೋಡಿ ಎಷ್ಟು ಚೆನ್ನಾಗಿ ಸೇರ್ಕೊಳ್ಳುತ್ತೆ. ಮಧ್ಯಾಹ್ನ ಆದ್ಮೇಲೆ ನೆಲ ನೀರಿಗಿಂತ ಜಾಸ್ತಿ ಕಾದಿರುತ್ತೆ, ನೆಲದ ಮೇಲಿನ ಬಿಸಿಗಾಳಿ ಮೇಲಕ್ಕೆ ಹೋಗುತ್ತೆ, ಆ ಜಾಗಕ್ಕೆ ಸಮುದ್ರದಿಂದ ಗಾಳಿ ನುಗ್ಗುತ್ತೆ. ಸಂಜೆ ನೀರಿಗೆ ಬೆನ್ನು ಹಾಕಿದ್ರೆ ಗಾಳಿ ಹಿಂದಿನಿಂದ ಹೊಡೆದು ಕೂದಲು, ಸೆರಗು, ದುಪಟ್ಟಾ ಎಲ್ಲ ಮುಖಕ್ಕೆ ಬರುತ್ತೆ. ರಾತ್ರಿ ನೆಲ ಬೇಗ ತಣ್ಣಗಾಗೋದ್ರಿಂದ ಬೆಳಗಿನ ಜಾವದಿಂದ ಒಂದು ಎಂಟು ಒಂಬತ್ತು ಗಂಟೆವರೆಗೆ ಗಾಳಿ ಉಲ್ಟಾ, ನೆಲದಿಂದ ನೀರಿನ ಕಡೆಗೆ, ಅದೂ ಮೆತ್ತಗೆ. ಹಾಗಾಗಿ ಬೆಳಿಗ್ಗೆ ನೀರಿಗೆ ಬೆನ್ನು ಹಾಕಿದ್ರೆ ಕೂದಲು ಹಿಂದಕ್ಕೇ ಹಾರುತ್ತೆ. ಬೆಳಕು ಹೇಳೋದೂ ಗಾಳಿ ಹೇಳೋದೂ ಒಂದೇ ಮಾತು. ಮೀನುಗಾರರಿಗೆ ಇದೆಲ್ಲ ಹುಟ್ಟುತ್ತಲೇ ಗೊತ್ತಿರುತ್ತೆ, ನಾವು ಬಯಲುಸೀಮೆಯವ್ರು ರಾಗಿ ತೂರೋಕೆ ಗಾಳಿ ನೋಡ್ತೀವೇ ಹೊರತು ಫೋಟೋಗೆ ನೋಡಲ್ಲ.

ಟೈಮ್ ವಿಚಾರ. ಡಿಸೆಂಬರ್ ಕೊನೇಲಿ ಉಡುಪಿ ಕಡೆ ಸೂರ್ಯ ಹುಟ್ಟೋದು ಸುಮಾರು 6:50ಕ್ಕೆ, ಮುಳುಗೋದು 6:10ರ ಆಸುಪಾಸು. ನಮ್ಮ ತುಮಕೂರಿಗಿಂತ ಒಂದು ಹತ್ತು ನಿಮಿಷ ಲೇಟು, ಕೋಲಾರಕ್ಕೆ ಹೋಲಿಸಿದ್ರೆ ಹದಿಮೂರು ಹದಿನಾಲ್ಕು ನಿಮಿಷ, ಪಶ್ಚಿಮಕ್ಕೆ ಹೋದಷ್ಟೂ ಹಾಗೇ. ಆದ್ರೆ 6:50ಕ್ಕೇ ಮರಳಿಗೆ ಬಿಸಿಲು ಬರುತ್ತೆ ಅನ್ಕೋಬೇಡಿ, ಪೂರ್ವಕ್ಕೆ ತೆಂಗಿನ ತೋಟ ಅದರ ಹಿಂದೆ ಘಟ್ಟ ಇರೋದ್ರಿಂದ ಬಿಸಿಲು ಮರಳಿಗಿಳಿಯೋಕೆ ಏಳೂವರೆ ಆಗ್ಬಹುದು. ಏಳೂವರೆಯಿಂದ ಎಂಟೂವರೆ, ಆ ಒಂದು ಗಂಟೆ ನಿಮ್ಮ ಮಾವನವ್ರ ದೊಡ್ಡ ಫೋಟೋಗೆ ಎತ್ತಿಡಿ. ಜನಾನೂ ಕಮ್ಮಿ ಇರ್ತಾರೆ, ಕಡ್ಲೆಕಾಯಿ ಗಾಡಿ, ಒಂಟೆ, ಕುದುರೆ ಯಾವ್ದೂ ಬಂದಿರಲ್ಲ, ಮಗೂನೂ ಹಾಲು ಕುಡಿದು ಖುಷಿಯಾಗಿರುತ್ತೆ, ಸಂಜೆ ಆರಕ್ಕೆ ಎರಡು ವರ್ಷದ ಮಗು ಮೂಡು ಹೇಗಿರುತ್ತೆ ಅಂತ ನಿಮಗೇ ಗೊತ್ತು. ಹನ್ನೊಂದು ಜನ ಬೆಳಿಗ್ಗೆ ಏಳಕ್ಕೆ ರೆಡಿಯಾಗ್ತಾರಾ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಇನ್ನೊಂದು ಸಣ್ಣ ವಿಷ್ಯ, ಮುಂದೆ ಯಾವಾಗಾದ್ರೂ ಬೇಸಿಗೆ ರಜೆಲಿ ಹೋದ್ರೆ ನೆನಪಿಟ್ಕೊಳ್ಳಿ, ಈಗ ದಕ್ಷಿಣಾಯನದಲ್ಲಿ ಸೂರ್ಯ ನೈಋತ್ಯಕ್ಕೆ ವಾಲಿ ಮುಳುಗ್ತಾನೆ, ಮೇ ತಿಂಗಳಲ್ಲಿ ವಾಯವ್ಯಕ್ಕೆ. ಮೇ ಸಂಜೇಲಿ ಬೆಳಕು ದಡದ ಉದ್ದಕ್ಕೆ ಪಕ್ಕದಿಂದ ಬರುತ್ತೆ, ಆವಾಗ ನೀರು ಒಂದು ಪಕ್ಕ ಬರೋ ಹಾಗೆ ದಡದ ಉದ್ದಕ್ಕೆ ತಿರುಗಿ ನಿಂತ್ರೂ ಮುಖಕ್ಕೆ ಒಳ್ಳೆ ಬೆಳಕು ಸಿಗುತ್ತೆ. ಡಿಸೆಂಬರಲ್ಲಿ ಆ ಆಟ ಅಷ್ಟು ನಡೆಯಲ್ಲ.

ನಾದಿನಿ ಹೇಳಿದ್ದು ತಪ್ಪೇನಿಲ್ಲ, ಕೋಲಾರದಿಂದ ನೋಡಿದ್ರೆ ಮಹಾಬಲಿಪುರನೇ ಹತ್ರ. ಆ ಕಡೆ ಲೆಕ್ಕ ಎಲ್ಲ ತಿರುಗುಮುರುಗು, ಸಮುದ್ರ ಪೂರ್ವಕ್ಕೆ, ಸೂರ್ಯ ನೀರಿಂದ ಹುಟ್ತಾನೆ, ಸಂಜೆ ಸೂರ್ಯ ಊರಿನ ಕಡೆ ಇರೋದ್ರಿಂದ ಸಮುದ್ರಕ್ಕೆ ಬೆನ್ನು ಹಾಕಿ ನಿಂತ್ರೆ ಮುಖಕ್ಕೆ ಚಿನ್ನದ ಬೆಳಕು. ನಮ್ಮವ್ರ ಥರ ಬೆಳಿಗ್ಗೆ ಏಳೋಕಾಗದವ್ರಿಗೆ ಪೂರ್ವ ಕರಾವಳಿನೇ ಸರಿ ಅಂತ ನಾನು ಎಷ್ಟೋ ಸಲ ಅನ್ಕೊಂಡಿದೀನಿ, ಗಾಳಿ ಮಾತ್ರ ಅಲ್ಲೂ ಸಂಜೆ ಬೆನ್ನಿಗೇ ಬರುತ್ತೆ, ಜಡೆ ಹಾಕ್ಕೊಂಡ್ರೆ ಆಯ್ತು. ಅಲ್ಲಿನ ತೀರದ ದೇವಸ್ಥಾನ ಪಲ್ಲವರ ಕಾಲದ್ದು, 1984ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು, ಕಲ್ಲಿನ ಬಣ್ಣಕ್ಕೆ ರೇಷ್ಮೆ ಸೀರೆ ಎದ್ದು ಕಾಣುತ್ತೆ. ಆದ್ರೆ ಅಕ್ಟೋಬರಿಂದ ಡಿಸೆಂಬರ್‌ವರೆಗೆ ಆ ಕಡೆ ಹಿಂಗಾರು ಮಳೆ, ಚಂಡಮಾರುತದ ಸೀಸನ್, ಮೂರೇ ದಿನ ರಜ ಇಟ್ಕೊಂಡು ಮೋಡದ ಜೊತೆ ಜೂಜಾಡೋದು ಬೇಡ. ಆ ಪ್ಲಾನು ಫೆಬ್ರವರಿ ಕಡೆಗೆ ಇಟ್ಕೊಳ್ಳಿ. ಜೂನಿಂದ ಸೆಪ್ಟೆಂಬರ್‌ವರೆಗೆ ಇದಕ್ಕೆ ಉಲ್ಟಾ, ನಮ್ಮ ಕರಾವಳೀಲಿ ಮುಂಗಾರು ಅಬ್ಬರ, ದಡಕ್ಕೂ ಬಿಡಲ್ಲ.

ಈಗ ಜಾಗ. ನಮ್ಮ ಕಡೆ ಜನ ಮಾಡೋ ದೊಡ್ಡ ತಪ್ಪು ಅಂದ್ರೆ ಸಮುದ್ರನೇ ಒಂದು ಸೀನರಿ ಅನ್ಕೊಳ್ಳೋದು. ಕಣ್ಣಿಗೆ ಸಮುದ್ರ ಅಷ್ಟು ದೊಡ್ಡದು, ಫೋಟೋದಲ್ಲಿ ಅದು ಬರೀ ಒಂದು ಗೆರೆ, ಕೆಳಗೆ ಬೂದು ಮೇಲೆ ಬಿಳಿ. ನಿಮ್ಮೂರಲ್ಲಿ ಎಲ್ಲೇ ನಿಂತ್ರೂ ಹಿಂದೆ ಆ ಏಕಶಿಲೆ ಬೆಟ್ಟ ಗೋಡೆ ಥರ ಬರುತ್ತೆ, ಫೋಟೋಗೆ ತಾನಾಗೇ ಒಂದು ತೂಕ ಬಂದ್ಬಿಡುತ್ತೆ, ಆ ಅಭ್ಯಾಸದಲ್ಲಿ ನಾವು ಬೀಚಿಗೆ ಹೋಗಿ ಖಾಲಿ ನೀರಿನ ಮುಂದೆ ಸಾಲು ನಿಲ್ತೀವಿ, ಬಂದು ನೋಡಿದ್ರೆ ರೇಷನ್ ಕಾರ್ಡ್ ಫೋಟೋ. ಅದಕ್ಕೆ ಬೀಚ್ ಆರಿಸೋವಾಗ ನೀರು ಬಿಟ್ಟು ಇನ್ನೇನಿದೆ ಅಂತ ನೋಡಿ, ಬಂಡೆ ಇದೆಯಾ, ದೀಪಸ್ತಂಭ ಇದೆಯಾ, ಎಳೆದು ನಿಲ್ಲಿಸಿರೋ ದೋಣಿ ಇದೆಯಾ, ಬಗ್ಗಿರೋ ತೆಂಗು, ಸರ್ವೆ ತೋಪು, ನದಿ ಬಂದು ಸೇರೋ ಅಳಿವೆ, ಏನೋ ಒಂದು. ಮತ್ತೆ ಆ ಗೆರೆ ಎಲ್ಲಿ ಬರುತ್ತೆ ಅಂತಾನೂ ನೋಡಿ. ನೀರಿನ ಗೆರೆ ಯಾವಾಗ್ಲೂ ಕ್ಯಾಮೆರಾ ಎಷ್ಟು ಎತ್ತರದಲ್ಲಿರುತ್ತೋ ಅಷ್ಟೇ ಎತ್ತರಕ್ಕೆ ಜನರ ಮೇಲೆ ಹಾದು ಹೋಗುತ್ತೆ, ಕಣ್ಣಿನ ಮಟ್ಟಕ್ಕೆ ಮೊಬೈಲ್ ಹಿಡಿದ್ರೆ ಎಲ್ರ ಕತ್ತು ತಲೆ ಕುಯ್ದಂಗೆ ಬರುತ್ತೆ. ಫೋಟೋ ತೆಗೆಯೋನು ಮಂಡಿಯೂರಿ ಸೊಂಟದ ಮಟ್ಟಕ್ಕೆ ಇಳಿದ್ರೆ ಗೆರೆ ಸೊಂಟಕ್ಕಿಳಿಯುತ್ತೆ, ತಲೆ ಎಲ್ಲ ಆಕಾಶದಲ್ಲಿ ಬಿಡಿಬಿಡಿಯಾಗಿ ಕಾಣುತ್ತೆ.

ನಿಮಗೆ ನಾನು ಹೇಳೋದು ಹೊನ್ನಾವರ. ಯಾಕಂದ್ರೆ ಮೊದಲನೇದು ದಾರಿ. ನಿಮ್ಮೂರ ಮೇಲೇ ಹೋಗೋ 69ನೇ ನಂಬರ್ ಹೆದ್ದಾರಿ ಇದೆಯಲ್ಲ, ಚಿಕ್ಕಬಳ್ಳಾಪುರ ಗೌರಿಬಿದನೂರು ಕಡೆಯಿಂದ ಬಂದು ಮಧುಗಿರಿ, ಶಿರಾ, ಹುಳಿಯಾರು, ಕಡೂರು, ಶಿವಮೊಗ್ಗ, ಸಾಗರ ಅಂತ ಹೋಗಿ ಸೀದಾ ಹೊನ್ನಾವರದಲ್ಲಿ ಸಮುದ್ರಕ್ಕೆ ಮುಟ್ಟುತ್ತೆ. ದಿನಾ ಅದೇ ರೋಡಲ್ಲಿ ತರಕಾರಿ ತರ್ತೀರ, ಅದರ ಆ ತುದೀಲಿ ಸಮುದ್ರ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಹನ್ನೊಂದು ಜನ ಅಂದ್ರೆ ಟಿಟಿ ಮಾಡ್ತೀರ, ತಿಂಡಿ ಊಟ ಟೀ ಎಲ್ಲ ಸೇರಿ ಒಂದು ಹಗಲು ಬೇಕು, ನಡುವೆ ಜೋಗ ಬೇಕಿದ್ರೆ ನೋಡ್ಕೊಳ್ಳಿ. ಅತ್ತೆಗೆ ಮಂಡಿ ನೋವು ಅಂದ್ರಲ್ಲ, ಎರಡು ಗಂಟೆಗೊಂದ್ಸಲ ಇಳಿಸಿ ನಡೆಸಿ, ಇಲ್ಲಾಂದ್ರೆ ಮಾರನೇ ದಿನ ಫೋಟೋದಲ್ಲಿ ಮುಖ ಗಂಟಿಕ್ಕಿರುತ್ತೆ.

ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದ್ರೆ ಕಾಸರಕೋಡು. ಅಲ್ಲಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಅಂತ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ತು, ಅದೇ ವರ್ಷ ಉಡುಪಿ ಕಡೆ ಪಡುಬಿದ್ರಿಗೂ ಸಿಕ್ತು. ಅದರಿಂದ ನಿಮಗೇನು ಅಂದ್ರೆ, ಶೌಚಾಲಯ ಇದೆ, ಬಟ್ಟೆ ಬದಲಾಯ್ಸೋ ರೂಮಿದೆ, ನಡೆಯೋಕೆ ಕಟ್ಟಿದ ದಾರಿ ಇದೆ, ಜೀವರಕ್ಷಕರಿರ್ತಾರೆ, ಕಸ ಇರಲ್ಲ. ಫೋಟೋಗ್ರಾಫರ್ ಆಗಿ ಹೇಳ್ತೀನಿ, ಚೆನ್ನಾಗಿ ಕಾಣೋ ಜಾಗಕ್ಕಿಂತ ಅಜ್ಜಿ ಸುಸ್ತಾಗದೆ ತಲುಪೋ ಜಾಗ ಮುಖ್ಯ, ನೂರು ಮೆಟ್ಟಿಲು ಇಳಿದು ಬಂದ ಅಜ್ಜಿ ಮುಖದಲ್ಲಿ ನಗು ತರ್ಸೋಕೆ ನನ್ನಿಂದಂತೂ ಆಗಿಲ್ಲ. ಮಾವನವ್ರ ದೊಡ್ಡ ಫೋಟೋ ಇಲ್ಲೇ ಬೆಳಿಗ್ಗೆ ಮಾಡಿ. ಅತ್ತೆ ಮಾವ ಇಬ್ರಿಗೂ ಎರಡು ಕುರ್ಚಿ ಹಾಕಿ, ಪ್ಲಾಸ್ಟಿಕ್ ಕುರ್ಚಿ ಬೇಡ, ಹೋಟೆಲಲ್ಲಿ ಕೇಳಿದ್ರೆ ಮರದ ಸ್ಟೂಲೋ ಬೆಂಚೋ ಕೊಡ್ತಾರೆ, ಮಕ್ಕಳು ಮರಳಲ್ಲಿ ಕೂರ್ಲಿ, ಉಳಿದವ್ರು ಹಿಂದೆ ಅರ್ಧಚಂದ್ರದ ಹಾಗೆ, ಎಲ್ರೂ ನೀರಿಗೆ ಬೆನ್ನು.

ಹತ್ತು ಗಂಟೆ ಆದ್ಮೇಲೆ ಬೀಚಲ್ಲಿ ಕ್ಯಾಮೆರಾ ಮುಚ್ಚಿಡಿ. ನೆತ್ತಿ ಮೇಲಿನ ಬಿಸಿಲಿಗೆ ಕಣ್ಣು ಗುಳಿ ಬಿದ್ದಂಗೆ ನೆರಳು ಬರುತ್ತೆ, ಎಲ್ರೂ ಕಣ್ಣು ಕಿರಿದು ಮಾಡಿರ್ತಾರೆ. ಆ ಹೊತ್ತಿಗೆ ಹೊನ್ನಾವರದಲ್ಲೇ ಶರಾವತಿ ಹಿನ್ನೀರಲ್ಲಿ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆ ದಾರಿ ಮಾಡಿದಾರೆ, ಅಲ್ಲಿಗೆ ಹೋಗಿ. ನೀರೊಳಗೇ ಬೇರು ಬಿಟ್ಟಿರೋ ಮರಗಳ ನಡುವೆ ಸಪಾಟಾದ ದಾರಿ, ಅತ್ತೆನೂ ನಿಧಾನಕ್ಕೆ ನಡೀಬಹುದು. ಮೇಲೆ ಎಲೆ ಇರೋದ್ರಿಂದ ಬೆಳಕು ಸೋಸಿ ಬರುತ್ತೆ, ಮಧ್ಯಾಹ್ನ ಹನ್ನೆರಡಕ್ಕೂ ಮುಖ ಮೆತ್ತಗೆ ಕಾಣುತ್ತೆ. ಆದ್ರೆ ಎಲೆ ಸಂದಿಂದ ಬಿಸಿಲಿನ ಚುಕ್ಕೆ ಮುಖದ ಮೇಲೆ ಬಿದ್ದಿದ್ಯಾ ನೋಡ್ಕೊಳ್ಳಿ, ಎರಡು ಹೆಜ್ಜೆ ಹಿಂದೆ ಮುಂದೆ ಆದ್ರೆ ಸಾಕು. ಅದು ಬೇಡ ಅಂದ್ರೆ ದಡದಲ್ಲಿ ಎಲ್ಲಾದ್ರೂ ಸರ್ವೆ ತೋಪು ಹುಡ್ಕಿ, ನಮ್ಮ ಕೋಲಾರ ಚಿಕ್ಕಬಳ್ಳಾಪುರದ ಕಡೆ ಹೊಲದಲ್ಲಿ ಬೆಳೀತಾರಲ್ಲ ಅದೇ ಮರ, ಕರಾವಳೀಲಿ ಗಾಳಿ ಮರಳು ತಡೆಯೋಕೆ ಸಾಲುಸಾಲು ಹಾಕಿರ್ತಾರೆ, ಜೋಡಿ ಫೋಟೋಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಎರಡನೇ ದಿನ ಮುರುಡೇಶ್ವರ, ಹೊನ್ನಾವರದಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆ ಒಳಗೆ. ಈಶ್ವರನ ಮೂರ್ತಿ 123 ಅಡಿ, ಗೋಪುರ ಇಪ್ಪತ್ತು ಅಂತಸ್ತು, ಲಿಫ್ಟ್ ಇದೆ, ಅತ್ತೆನ ಮೇಲೆ ಕರ್ಕೊಂಡ್ ಹೋಗಬಹುದು. ಇಲ್ಲಿ ಎಲ್ರೂ ಮಾಡೋ ಎಡವಟ್ಟು ಏನು ಗೊತ್ತಾ, ಮೂರ್ತಿ ಬುಡದಲ್ಲಿ ಜನರನ್ನ ನಿಲ್ಲಿಸಿ, ಮೂರ್ತಿ ಪೂರ್ತಿ ಬರ್ಲಿ ಅಂತ ಫೋಟೋ ತೆಗೆಯೋನು ಹಿಂದೆ ಹಿಂದೆ ಹೋಗ್ತಾನೆ, ಕೊನೆಗೆ ಈಶ್ವರ ಬರ್ತಾನೆ ಮನೆಯವ್ರು ಇರುವೆ ಸಾಲು. ಹಾಗಲ್ಲ, ಮನೆಯವ್ರನ್ನೇ ಮೂರ್ತಿಯಿಂದ ದೂರ ಕರ್ಕೊಂಡ್ ಬನ್ನಿ, ಒಂದು ನೂರೈವತ್ತು ಮೀಟರ್, ಅವ್ರ ಮುಂದೆ ನಾಲ್ಕೈದು ಮೀಟರ್ ದೂರದಲ್ಲಿ ಮೊಬೈಲ್ ಕೆಳಗೆ ಹಿಡಿದು ಮೇಲಕ್ಕೆ ನೋಡೋ ಹಾಗೆ ತೆಗೀರಿ, ಇಬ್ರೂ ದೊಡ್ಡದಾಗಿ ಕಾಣ್ತಾರೆ. ಬೀಚಲ್ಲಿ ಜನ ಜಾತ್ರೆ ಥರ ಇರ್ತಾರೆ, ರಜೆಲಂತೂ ಕೇಳ್ಬೇಡಿ, ಅದಕ್ಕೆ ದೊಡ್ಡ ಫೋಟೋ ಇಲ್ಲಿಟ್ಕೋಬೇಡಿ ಅಂದಿದ್ದು.

ಸಂಜೆಗೆ ಭಟ್ಕಳ, ಬೈಂದೂರು ದಾಟಿ ಮರವಂತೆಗೆ ಇಳೀರಿ, ಒಂದು ಗಂಟೆ ಚಿಲ್ಲರೆ ದಾರಿ. ನನ್ನ ಪ್ರಕಾರ ನಮ್ಮ ಇಡೀ ಕರಾವಳೀಲಿ ಫೋಟೋಗೆ ಇದರಷ್ಟು ಬುದ್ಧಿವಂತ ಜಾಗ ಇನ್ನೊಂದಿಲ್ಲ. ಹೆದ್ದಾರಿ 66ರ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಎಲ್ರೂ ಗಾಡಿ ನಿಲ್ಸಿ ಸಮುದ್ರದ ಕಡೆ ಓಡ್ತಾರೆ, ಸೂರ್ಯನಿಗೆ ಬೆನ್ನು ಹಾಕಿ ಮುಖ ಕಪ್ಪು ಮಾಡ್ಕೊಂಡು ಬರ್ತಾರೆ. ನೀವು ಅವ್ರ ಹಿಂದೆ ಹೋಗ್ಬೇಡಿ, ನದಿ ಕಡೆ ಹೋಗಿ. ನದಿಗೆ ಬೆನ್ನು ಹಾಕಿ ನಿಂತ್ರೆ ಐದೂವರೆ ಬಿಸಿಲು ಸಮುದ್ರದ ಮೇಲಿಂದ ಬಂದು ನೇರ ಮುಖಕ್ಕೆ, ಹಿಂದೆ ಅಲುಗಾಡದ ನೀರು, ತೆಂಗಿನ ಸಾಲು, ಆಕಾಶ ಶುಭ್ರ ಇದ್ರೆ ದೂರದಲ್ಲಿ ಕೊಡಚಾದ್ರಿ ಬೆಟ್ಟ. ಬೆಟ್ಟ, ನೀರು ಎರಡೂ ಒಂದೇ ಫ್ರೇಮಲ್ಲಿ. ಗಾಳಿನೂ ಮುಂದಿನಿಂದಾನೇ, ಕೂದಲು ಹಿಂದಕ್ಕೇ. ಆದ್ರೆ ಲಾರಿ ಬಸ್ಸು ಬಾಣದ ಥರ ಹೋಗೋ ರೋಡು, ರಸ್ತೆ ಮೇಲೆ ನಿಂತು ಪೋಸ್ ಕೊಡೋ ಹುಚ್ಚು ಬೇಡ, ಮಗು ಕೈ ಬಿಡ್ಬೇಡಿ, ದಾಟೋದೇ ಬೇಡ, ಡ್ರೈವರಿಗೆ ಹೇಳಿ ನದಿ ಪಕ್ಕದಲ್ಲೇ ಇಳಿಸ್ಕೊಳ್ಳಿ. ಬೋಟಿಂಗ್ ಮಾಡಿಸೋ ಕಡೆ ಜಾಗ ಅಗಲ ಇರುತ್ತೆ.

ಉಳಿದ ಜಾಗಗಳ ಬಗ್ಗೆ ಬೇಗ ಹೇಳ್ಬಿಡ್ತೀನಿ. ಮಲ್ಪೆಯಿಂದ ದೋಣೀಲಿ ಹೋಗೋ ಸೇಂಟ್ ಮೇರೀಸ್ ದ್ವೀಪ ಕಲ್ಲಿನ ಕಂಬಗಳದ್ದು, ಲಾವಾ ತಣ್ಣಗಾಗುವಾಗ ಬಿರಿದು ಐದು ಮೂಲೆ ಆರು ಮೂಲೆ ಕಂಬಗಳಾಗಿ ನಿಂತಿರೋದು, ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷ ಹಳೇದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಮಾಡಿದಾರೆ. ಹರೆಯದ ಹುಡುಗ ಹುಡುಗೀರಿಗೆ ಅದ್ಭುತ ಜಾಗ, ಆದ್ರೆ ದೋಣಿ ಹತ್ತಿ ಇಳಿಯೋದು, ಆ ಕಲ್ಲುಗಳ ಮೇಲೆ ನಡೆಯೋದು ನಿಮ್ಮ ಅತ್ತೆಗಾಗಲ್ಲ, ಸೂರ್ಯ ಮುಳುಗೋವರೆಗೆ ಅಲ್ಲಿರೋಕೂ ಬಿಡಲ್ಲ, ಮಳೆಗಾಲದಲ್ಲಿ ದೋಣಿನೇ ಇರಲ್ಲ. ಕಾಪು ದೀಪಸ್ತಂಭ 1901ರದ್ದು, ಬಂಡೆ ಮೇಲೆ ನಿಂತಿದೆ. ಸಂಜೆ ಕಪ್ಪು ನೆರಳಿನ ಫೋಟೋ ಬೇಕಂತಲೇ ತೆಗೆಯೋದಾದ್ರೆ ಅದೇ ಸರಿ ಜಾಗ, ಆವಾಗ ಮುಖ ಕಪ್ಪಾದ್ರೆ ಬೇಜಾರಿಲ್ಲ, ಆಕಾರ ಮಾತ್ರ ಬೇಕು, ಜನರ ನಡುವೆ ಗ್ಯಾಪ್ ಬಿಡಿಸಿ, ಇಲ್ಲಾಂದ್ರೆ ಎಲ್ಲ ಸೇರಿ ಒಂದೇ ಹುಣಸೆ ಮುದ್ದೆ. ಗೋಕರ್ಣದ ಓಂ ಬೀಚ್, ಹೆಸರಿಗೆ ಕಾರಣ ಆದ ಆ ಆಕಾರ ಕಾಣೋದು ಮೇಲಿನಿಂದ, ಕೆಳಗಿಳಿದ್ರೆ ಮಾಮೂಲಿ ಬೀಚೇ, ಮೆಟ್ಟಿಲು ಬೇರೆ. ಹಾಫ್ ಮೂನ್, ಪ್ಯಾರಡೈಸ್ ಇವೆಲ್ಲ ನಡೆದೋ ದೋಣೀಲೋ ಹೋಗೋವು, ಬಿಟ್ಬಿಡಿ.

ಸಮುದ್ರದ ಉಬ್ಬರ ಇಳಿತದ ಟೈಮ್ ನೋಡ್ಕೊಂಡ್ರೆ ಇನ್ನೂ ಒಳ್ಳೇದು. ದಿನಕ್ಕೆ ಎರಡು ಸಲ ನೀರು ಏರುತ್ತೆ ಎರಡು ಸಲ ಇಳಿಯುತ್ತೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ಅಮಾವಾಸ್ಯೆ ಹುಣ್ಣಿಮೆ ಹತ್ರ ಏರಿಳಿತ ಜಾಸ್ತಿ. ಆಗಷ್ಟೇ ನೀರು ಇಳಿದ ಮರಳು ಕನ್ನಡಿ ಥರ ಇರುತ್ತೆ, ಆಕಾಶದ ಬೆಳಕನ್ನ ಕೆಳಗಿನಿಂದ ಮುಖಕ್ಕೆ ವಾಪಸ್ ಕೊಡುತ್ತೆ, ನಮ್ಮ ಸ್ಟುಡಿಯೋದಲ್ಲಿ ಇಡೋ ಬಿಳಿ ರಿಫ್ಲೆಕ್ಟರ್ ಕೆಲಸ ಅದೇ ಮಾಡುತ್ತೆ. ಅದೂ ಸಾಲದಿದ್ರೆ ಮಾವನವ್ರ ಬಿಳಿ ಪಂಚೆ ಒಂದು ಜಾಸ್ತಿ ಇಟ್ಕೊಳ್ಳಿ, ಇಬ್ರು ಹುಡುಗ್ರು ಅದನ್ನ ಅಡ್ಡ ಹಿಡಿದು ಬಿಸಿಲನ್ನ ಅಜ್ಜಿ ಮುಖಕ್ಕೆ ತಿರುಗಿಸ್ಲಿ. ನಾನು ಎಷ್ಟೋ ಮದುವೇಲಿ ಹಿಂಗೇ ಮಾಡಿದೀನಿ.

ಬಟ್ಟೆ. ದಯವಿಟ್ಟು "ಫ್ಯಾಮಿಲಿ ಟ್ರಿಪ್" ಅಂತ ಪ್ರಿಂಟ್ ಹಾಕ್ಸಿರೋ ಬಿಳಿ ಟೀಶರ್ಟ್ ಹನ್ನೊಂದು ತರ್ಬೇಡಿ. ಬಿಳಿ ಬಿಸಿಲಲ್ಲಿ ಸುಟ್ಟೋಗುತ್ತೆ, ತಿಳಿನೀಲಿ ಆಕಾಶದಲ್ಲಿ ಕರಗಿಹೋಗುತ್ತೆ. ಅರಿಶಿನ ಬಣ್ಣ, ಕುಂಕುಮ ಬಣ್ಣ, ಎಲೆಹಸಿರು, ಇಂಥವು ಮರಳಿಗೆ ಚೆನ್ನಾಗಿ ಕೂರುತ್ತೆ, ಎಲ್ರೂ ಒಂದೇ ಬಣ್ಣ ಬೇಕಿಲ್ಲ. ಅತ್ತೆಗೆ ಕಾಟನ್ ಸೀರೆ, ಸೆರಗಿಗೆ ಎರಡು ಪಿನ್ ಜಾಸ್ತಿ.

ಈಗ ಹೇಳೋ ಮಾತು ಫೋಟೋದ್ದಲ್ಲ, ಆದ್ರೂ ಕೇಳಿ. 2024ರ ಡಿಸೆಂಬರಲ್ಲಿ ನಮ್ಮ ಮುಳಬಾಗಿಲು ಕಡೆಯಿಂದ ಶಾಲಾ ಟೂರ್ ಹೋಗಿದ್ದ ನಾಲ್ಕು ಹೆಣ್ಣುಮಕ್ಕಳು ಮುರುಡೇಶ್ವರದ ನೀರಲ್ಲಿ ಹೋದ್ರು. ನಮ್ಮ ಕಡೆ ಮಕ್ಕಳಿಗೆ ಕೆರೆ ಬಾವಿ ಗೊತ್ತು, ಸಮುದ್ರ ಗೊತ್ತಿಲ್ಲ. ಅಲೆ ಒಡೆಯೋ ಜಾಗಗಳ ನಡುವೆ ಒಂದು ಕಡೆ ನೀರು ತಣ್ಣಗೆ ಕಾಣುತ್ತಲ್ಲ, ನೋಡೋಕೆ ಅದೇ ಸೇಫ್ ಅನ್ಸುತ್ತೆ, ಒಳಕ್ಕೆ ಎಳೆಯೋ ಸೆಳೆತ ಇರೋದೇ ಅಲ್ಲಿ. ಫೋಟೋ ತೆಗೆಸ್ಕೊಳ್ಳೋವ್ರ ಬೆನ್ನು ನೀರಿಗಿರುತ್ತೆ, ತೆಗೆಯೋನ ಕಣ್ಣು ಸ್ಕ್ರೀನ್ ಮೇಲಿರುತ್ತೆ, ಅಲೆ ನೋಡೋರು ಯಾರೂ ಇರಲ್ಲ. ಹಾಗಾಗಿ ನಿಮ್ಮ ಮನೆಯವ್ರಲ್ಲೋ ಡ್ರೈವರೋ ಒಬ್ರಿಗೆ ಅದೇ ಕೆಲಸ ಕೊಡಿ, ಫೋಟೋ ನೋಡ್ದೆ ನೀರು ಮಾತ್ರ ನೋಡೋದು. ಕೆಂಪು ಬಾವುಟ ಇದ್ರೆ ಪಾದಾನೂ ನೆನೆಸ್ಬೇಡಿ. ಪಾಚಿ ಕಟ್ಟಿದ ಕರಿ ಬಂಡೆ ಹತ್ತಬೇಡಿ, ನಾನು ಹತ್ತಿ ಜಾರಿ ಒಂದು ಲೆನ್ಸ್ ಅರಬ್ಬೀ ಸಮುದ್ರಕ್ಕೆ ಅರ್ಪಣೆ ಮಾಡಿ ಬಂದಿದೀನಿ, ಮೊಣಕೈಯಲ್ಲಿ ಗುರುತು ಇನ್ನೂ ಇದೆ.

ಮೊಬೈಲ್ ಸಾಕು, ಧಾರಾಳ. ಹನ್ನೆರಡು ಮೆಗಾಪಿಕ್ಸೆಲ್ ಫೋಟೋ 12x18 ಸೈಜಿಗೆ ಚೆನ್ನಾಗಿ ಪ್ರಿಂಟಾಗುತ್ತೆ, ಹಾಲಿಗೆ ಅಷ್ಟು ಸಾಕು. ಎರಡು ಮಾತು ನೆನಪಿರ್ಲಿ. ಉಪ್ಪಿನ ಗಾಳಿಗೆ ಲೆನ್ಸ್ ಮೇಲೆ ಮಬ್ಬು ಕೂತಿರುತ್ತೆ, ಪ್ರತಿ ಸಲ ತೆಗೆಯೋ ಮುಂಚೆ ಹತ್ತಿ ಬಟ್ಟೇಲಿ ಒರೆಸಿ, ಬೀಚಲ್ಲಿ ಮಸುಕಾಗಿ ಬರೋ ಎಷ್ಟೋ ಫೋಟೋಗಳ ಕಾಯಿಲೆ ಇದೊಂದೇ. ಮತ್ತೆ ತುದೀಲಿ ನಿಂತವ್ರು ದಪ್ಪ ಕಾಣ್ತಾರೆ, ಅಗಲದ ಲೆನ್ಸಿನ ಗುಣ ಅದು, ಸ್ವಲ್ಪ ಹಿಂದೆ ಹೋಗಿ ಎರಡು ಪಟ್ಟು ಜೂಮ್ ಹಾಕಿ ತೆಗೀರಿ, ನಿಮ್ಮ ನಾದಿನಿನ ತುದೀಲಿ ನಿಲ್ಲಿಸಿ ಜಗಳ ತಂದ್ಕೋಬೇಡಿ. ಪ್ರಿಂಟಿಗೆ ಕಳ್ಸೋವಾಗ ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರೆ ಹಿಂಡಿ ಸಿಪ್ಪೆ ಮಾಡಿ ಕೊಡುತ್ತೆ, ಡಾಕ್ಯುಮೆಂಟ್ ಅಂತ ಕಳ್ಸಿ. ಹೊರಡೋ ಮುಂಚೆ ಒಂದ್ಸಲ ನಮ್ಮ ತುಮಕೂರಿನ ಅಮಾನಿಕೆರೆ ದಂಡೆ ಮೇಲೋ ನಿಮ್ಮೂರ ಕೆರೆ ಏರಿ ಮೇಲೋ ಸಂಜೆ ಐದೂವರೆಗೆ ಮಗನ್ನ ನಿಲ್ಲಿಸಿ ಸೂರ್ಯನ ಕಡೆ ಮುಖ ಮಾಡ್ಸಿ ಒಂದು, ಬೆನ್ನು ಹಾಕ್ಸಿ ಒಂದು ತೆಗೆದು ನೋಡಿ, ನಾನು ಇಷ್ಟುದ್ದ ಬರೆದಿದ್ದು ಎರಡೇ ಫೋಟೋದಲ್ಲಿ ಅರ್ಥ ಆಗುತ್ತೆ.

ಡ್ರೋನ್ ಬೇಡ ಅಂತ ಮಗನಿಗೆ ನಾನು ಹೇಳ್ದೆ ಅನ್ನಿ. ದೇವಸ್ಥಾನದ ಮೇಲೆ, ಜನಜಂಗುಳಿ ಮೇಲೆ ಹಾರ್ಸೋದು ಸರಿಯಲ್ಲ, ಕಾರವಾರದ ಕಡೆ ನೌಕಾನೆಲೆ ಇದೆ ಅಲ್ಲಂತೂ ಆ ಯೋಚನೆನೂ ಬೇಡ, ಸಮುದ್ರದ ಗಾಳಿಗೆ ಕೈ ಪಳಗದವ್ರ ಡ್ರೋನ್ ವಾಪಸ್ ಬರೋದೂ ಗ್ಯಾರಂಟಿ ಇಲ್ಲ, ಬಾಡಿಗೆಯವ್ನು ಡೆಪಾಸಿಟ್ ಹಿಡ್ಕೋತಾನೆ.

ಹಾಂ, ಮುರುಡೇಶ್ವರದ ಬೀಚಲ್ಲಿ ಕುತ್ತಿಗೆಗೆ ಕ್ಯಾಮೆರಾ ನೇತು ಹಾಕ್ಕೊಂಡು ಸ್ಥಳದಲ್ಲೇ ಪ್ರಿಂಟ್ ಕೊಡ್ತೀವಿ ಅಂತ ಹುಡುಗ್ರು ಬೆನ್ನು ಹತ್ತುತಾರೆ. ನಿಮ್ಮ ಹತ್ರ ಎಷ್ಟೇ ಒಳ್ಳೆ ಮೊಬೈಲಿದ್ರೂ ಅತ್ತೆ ಮಾವ ಇಬ್ರದ್ದೇ ಒಂದು ಅವ್ರ ಹತ್ರ ತೆಗೆಸಿ, ರೇಟ್ ಮೊದ್ಲೇ ಮಾತಾಡ್ಕೊಳ್ಳಿ. ಆ ಹುಡುಗ್ರಿಗೆ ಎಷ್ಟ್ ಹೊತ್ತಿಗೆ ಎಲ್ಲಿ ನಿಂತ್ರೆ ಬೆಳಕು ಬೀಳುತ್ತೆ ಅಂತ ನನಗಿಂತ ಚೆನ್ನಾಗಿ ಗೊತ್ತು. ಮತ್ತೆ ಆ ಒದ್ದೆ ಪ್ರಿಂಟನ್ನ ಅತ್ತೆ ಟಿಟಿಯೊಳಗೆ ಕೂತು ಮಧುಗಿರಿ ಬರೋವರೆಗೂ ಊದ್ಕೊಂಡು ಒಣಗಿಸ್ತಿರ್ತಾರೆ ನೋಡಿ, ಅದನ್ನ ನೀವು ಮೊಬೈಲಲ್ಲಿ ತೆಗೀರಿ.